ಬೆಳ್ಳಿ ಕೊಲಾಯ್ಡ್‌ನಲ್ಲಿ (ನೀರಲ್ಲಿ ತೇಲೋ ಬೆಳ್ಳಿಯ ನ್ಯಾನೋ ಕಣ) ರೋಡಮೈನ್ ಡೈ ಸಿಗ್ನಲ್ ಸಖತ್ತಾಗಿ ಬರುತ್ತೆ, ಕ್ಲೋರ್‌ಪೈರಿಫಾಸ್ ಕೀಟನಾಶಕದ್ದು ಮಾತ್ರ ಬರ್ತಿಲ್ಲ. ಯಾರಾದ್ರೂ ಸರ್ಸ್ ಮಾಡೋರು ಇದೀರಾ?

ಕೊಲಾಯ್ಡ್_ಹುಡುಗ:
ಎಲ್ರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಸರ್ಸ್ ಮಾಡ್ತಿದೀನಿ, ಅದೇ ಸರ್ಫೇಸ್ ಎನ್‌ಹಾನ್ಸ್‌ಡ್ ರಾಮನ್. ಲೇಸರ್ ಬಿಟ್ಟಾಗ ಬಣ್ಣ ಬದಲಿಸಿ ಚದುರೋ ಬೆಳಕಿಂದ ಅಣುವನ್ನ ಗುರುತಿಸೋದು ರಾಮನ್, ಲೋಹದ ಕಣ ಇಟ್ಟು ಆ ಸಿಗ್ನಲ್ ಏರಿಸೋದು ಸರ್ಸ್. ಲೀ-ಮೈಸೆಲ್ ವಿಧಾನದಲ್ಲೇ ಬೆಳ್ಳಿ ಕೊಲಾಯ್ಡ್ ಮಾಡಿರೋದು. 500 ಎಂಎಲ್ ನೀರಿಗೆ 90 ಮಿಲಿಗ್ರಾಂ ಸಿಲ್ವರ್ ನೈಟ್ರೇಟ್, ಕುದಿ ಬಂದ್ಮೇಲೆ 1 ಪರ್ಸೆಂಟ್ ಸಿಟ್ರೇಟ್ 10 ಎಂಎಲ್ ಹಾಕಿ ಒಂದು ಗಂಟೆ ಕುದಿಸೋದು. ಹಸಿರು ಮಿಶ್ರಿತ ಹಳದಿ ಬಣ್ಣ ಬಂದಿದೆ, ಯುವಿ-ವಿಸಿಬಲ್‌ನಲ್ಲಿ ಪೀಕ್ 420 ನ್ಯಾನೋಮೀಟರ್ ಹತ್ರ ಇದೆ, ಅಲ್ಲಿಗೆ ಸರಿಯಾಗಿದೆ ಅನ್ಸುತ್ತೆ. ರೋಡಮೈನ್ 6ಜಿ ಒಂದು ಮೈಕ್ರೋಮೋಲಾರ್ ಹಾಕಿದ್ರೆ 611, 1362, 1509, 1649 (ವೇವ್‌ನಂಬರ್, ಅಂದ್ರೆ ರಾಮನ್ ಪೀಕಿನ ಜಾಗ ಹೇಳೋ ಅಳತೆ) ಎಲ್ಲಾ ಪೀಕೂ ಸೂಜಿ ಥರ ಎದ್ದು ನಿಲ್ಲುತ್ತೆ. ಆದ್ರೆ ನನ್ನ ಅಸಲಿ ಕೆಲಸ ಇರೋದು ಕ್ಲೋರ್‌ಪೈರಿಫಾಸ್ ಮೇಲೆ. ಅದನ್ನ ಹಾಕಿ, ಸಿಲಿಕಾನ್ ಮೇಲೆ ಹನಿ ಒಣಗಿಸಿ ನೋಡಿದ್ರೆ 1350 ಮತ್ತೆ 1580 ಹತ್ರ ಎರಡು ದಪ್ಪ ಗುಡ್ಡ ಬರುತ್ತೆ, ಅಷ್ಟೇ, ಬೇರೆ ಏನೂ ಇಲ್ಲ. ಲೇಸರ್ 532 ನ್ಯಾನೋಮೀಟರ್, 50ಎಕ್ಸ್ ಆಬ್ಜೆಕ್ಟಿವ್. ಗೈಡ್ ಸರ್ ನೋಡಿ ಇದೇ ಪೆಸ್ಟಿಸೈಡ್ ಪೀಕ್ ಇರಬಹುದು, ಎನ್‌ಹಾನ್ಸ್‌ಮೆಂಟ್ ಫ್ಯಾಕ್ಟರ್ (ಸಿಗ್ನಲ್ ಎಷ್ಟು ಪಟ್ಟು ಏರಿತು ಅನ್ನೋದು) ಲೆಕ್ಕ ಹಾಕಿ ಬರ್ಕೊಂಡು ಬಾ ಅಂದ್ರು. ನಂಗ್ಯಾಕೋ ಧೈರ್ಯ ಬರ್ತಿಲ್ಲ.

ಯೆನಾ_ಕನ್ನಡಿಗ:
ಧೈರ್ಯ ಬರದೇ ಇರೋದೇ ಒಳ್ಳೇದಾಯ್ತು ಬಿಡಿ. ಆ ಎರಡು ಗುಡ್ಡ ಕ್ಲೋರ್‌ಪೈರಿಫಾಸ್ ಅಲ್ಲವೇ ಅಲ್ಲ, ಅದು ಕಾರ್ಬನ್. ಗ್ರಾಫೀನ್, ಗ್ರಾಫೈಟ್ ಮಾಡೋರು ಡಿ ಬ್ಯಾಂಡ್, ಜಿ ಬ್ಯಾಂಡ್ ಅಂತಾರಲ್ಲ, ಅದೇ ಜಾಗ. ಲೇಸರ್ ಬಿದ್ದ ಕಡೆ ನಿಮ್ಮ ಸಿಟ್ರೇಟೋ ಇನ್ಯಾವುದೋ ಆರ್ಗ್ಯಾನಿಕ್ಕೋ ಸುಟ್ಟು ಮಸಿಯಾಗಿದೆ, ಆ ಮಸಿಯ ಸಿಗ್ನಲ್ಲನ್ನ ಬೆಳ್ಳಿ ಚೆನ್ನಾಗಿ ಎತ್ತಿ ಕೊಡ್ತಿದೆ. ಭೂತಗನ್ನಡಿ ಇಟ್ಟು ಕಾಗದ ಸುಟ್ಟ ಹಾಗೇ ಇದು. ಸ್ವಲ್ಪ ಲೆಕ್ಕ ಹಾಕಿ ನೋಡಿ, ಸ್ಯಾಂಪಲ್ ಮೇಲೆ 10 ಮಿಲಿವಾಟ್ ಬೀಳ್ತಿದೆ ಅಂದ್ಕೊಳ್ಳಿ, 50ಎಕ್ಸ್‌ನಲ್ಲಿ ಸ್ಪಾಟ್ ಹೆಚ್ಚುಕಮ್ಮಿ ಒಂದು ಮೈಕ್ರಾನ್, ಚದರ ಸೆಂಟಿಮೀಟರ್‌ಗೆ ಹಾಕಿದ್ರೆ ಹತ್ತು ಲಕ್ಷ ವಾಟ್ ಆಸುಪಾಸಿಗೆ ಹೋಗುತ್ತೆ. ಅದ್ರ ಮೇಲೆ ಬೆಳ್ಳಿ ಕಣಗಳ ಸಂದಿಯಲ್ಲಿ ಫೀಲ್ಡ್ ಇನ್ನೂ ಜಾಸ್ತಿ.

ಚೆಕ್ ಮಾಡೋದು ಸುಲಭ. ಪವರ್ ನೂರನೇ ಒಂದು ಭಾಗಕ್ಕೆ ಇಳಿಸಿ, ಒಂದೇ ಜಾಗದಲ್ಲಿ ಒಂದೊಂದು ಸೆಕೆಂಡಿನ ಸ್ಪೆಕ್ಟ್ರಮ್ ಸಾಲಾಗಿ ತಗೊಳ್ಳಿ. ಗುಡ್ಡಗಳು ನಿಧಾನಕ್ಕೆ ಬೆಳೀತಾ ಹೋದ್ರೆ, ಇಲ್ಲಾ ಪೀಕ್‌ಗಳು ಕುಣೀತಾ ಇದ್ರೆ, ಅನುಮಾನವೇ ಬೇಡ. ಅಣು ಕೂತಿದ್ರೆ ಪೀಕ್ ಸಣ್ಣಗೆ ಚೂಪಾಗಿ ಇರುತ್ತೆ, 100 ವೇವ್‌ನಂಬರ್ ಅಗಲದ ಗುಡ್ಡ ಬರಲ್ಲ.

ಧಾರವಾಡ_ಫೋಟಾನ್:
ಮ್ಯಾಲಿನವರು ಹೇಳಿದ್ದು ಖರೇ ಅದ. ಆದ್ರ ಪವರ್ ಇಳಿಸಿದ್ರೂ ನಿಮ್ಮ ಕ್ಲೋರ್‌ಪೈರಿಫಾಸ್ ಕಾಣಸ್ತದ ಅಂತ ನನಗ ಅನ್ನಸಂಗಿಲ್ಲ. ಯಾಕಂದ್ರ ರೋಡಮೈನ್ ಒಂದು ಟೆಸ್ಟೇ ಅಲ್ರಿ ಅದು. ಸಿಟ್ರೇಟ್ ಕೊಲಾಯ್ಡ್ ನೆಗೆಟಿವ್ ಚಾರ್ಜ್, ರೋಡಮೈನ್ ಪಾಸಿಟಿವ್, ಕರೆಯದಿದ್ರೂ ಬಂದು ಅಂಟಕೊಂತದ. ಅದೂ ಅಲ್ದ ರೋಡಮೈನ್ ಬೆಳಕು ಹೀರೋದು 530 ಹತ್ರ, ನಿಮ್ಮ ಲೇಸರ್ 532, ಅಂದ್ರ ರೆಸೊನನ್ಸ್ ಬ್ಯಾರೆ ಸಿಕ್ತು, ಅದ ಸುಮ್ನ ಸಾವಿರಾರು ಪಟ್ಟು ಎತ್ತತದ. ಫ್ಲೋರೊಸೆನ್ಸ್ (ಡೈ ತಾನ ಹೊಳಿಯೋ ಬೆಳಕು) ಇರ್ತದ ಅಂದ್ರ ಅದನ್ನೂ ಬೆಳ್ಳಿನ ನುಂಗಿ ಹಾಕ್ತದ. ಎಲ್ಲಾ ಅನುಕೂಲ ಒಬ್ಬನಿಗೇ ಅದಾವ ಅಲ್ಲಿ. ಕ್ರಿಸ್ಟಲ್ ವಯಲೆಟ್ ಡೈದೂ ಇದೇ ಕಥಿ.

ಕ್ಲೋರ್‌ಪೈರಿಫಾಸ್ ನೋಡ್ರಿ, ಚಾರ್ಜ್ ಇಲ್ಲ, 532ಕ್ಕ ಬಣ್ಣ ಇಲ್ಲ, ನೀರಿನ್ಯಾಗ ಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸು ಕರಗೋದೂ ಕಷ್ಟ. ಅದು ಸಿಟ್ರೇಟ್ ಗೋಡಿ ದಾಟಿ ಬೆಳ್ಳಿ ಹತ್ರ ಯಾಕ ಬರಬೇಕ್ರಿ? ನೀವು ಅಸಿಟೋನ್ ಇಲ್ಲಾ ಮೆಥನಾಲ್ದಾಗ ಕರಗಿಸಿ ಹಾಕಿರ್ತೀರಿ, ಹನಿ ಒಣಗಿದಾಗ ಅದು ಒಂದ ಕಡೆ, ಬೆಳ್ಳಿ ಒಂದ ಕಡೆ. ಲೇಸರ್ ಮ್ಯಾಲ ಸಿಟ್ಟಾಗಬ್ಯಾಡ್ರಿ, ಕೆಮಿಸ್ಟ್ರಿ ನೋಡ್ರಿ.

ಪಿಯುಸಿ_ಫಿಸಿಕ್ಸ್_ಮೇಡಂ:
ನಡುವೆ ಬಾಯಿ ಹಾಕ್ತಿದೀನಿ, ತಪ್ಪು ತಿಳ್ಕೋಬೇಡಿ. ಫೆಬ್ರವರಿ 28ಕ್ಕೆ ಪ್ರತಿ ವರ್ಷ ಮಕ್ಕಳಿಗೆ ರಾಮನ್ ಪರಿಣಾಮ ಹೇಳ್ತೀನಿ, ಆದ್ರೆ ಲೋಹದ ಕಣ ಹಾಕಿದ್ರೆ ಸಿಗ್ನಲ್ ಯಾಕೆ ಏರುತ್ತೆ ಅನ್ನೋದನ್ನ ಯಾರೂ ಸರಿಯಾಗಿ ಬಿಡಿಸಿ ಹೇಳಿದ್ದು ಓದಿಲ್ಲ. ಕನ್ನಡಿ ಥರ ಬೆಳಕನ್ನ ವಾಪಸ್ ಕಳ್ಸೋದ್ರಿಂದಾನಾ?

ಬಸವನಗುಡಿ_ಆಪ್ಟಿಕ್ಸ್:
ಮೇಡಂ, ಕನ್ನಡಿಯ ಕೆಲಸ ಅಲ್ಲ ಅದು. ಕನ್ನಡಿಯಿಂದ ಅಬ್ಬಬ್ಬಾ ಅಂದ್ರೆ ನಾಲ್ಕು ಪಟ್ಟು ಸಿಗಬಹುದು, ಇಲ್ಲಿ ಲಕ್ಷಗಟ್ಟಲೆ ಪಟ್ಟಿನ ಮಾತು. ಮೊದ್ಲು ರಾಮನ್ ಎಷ್ಟು ಬಡಕಲು ಸಿಗ್ನಲ್ ಅಂತ ನೆನಪಿಟ್ಕೊಳ್ಳಿ, ಚದುರಿದ ಬೆಳಕಿನಲ್ಲಿ ಕೋಟಿ ಫೋಟಾನ್‌ಗೆ ಒಂದೋ ಎರಡೋ ಬಣ್ಣ ಬದಲಿಸೋದು, ಉಳಿದದ್ದೆಲ್ಲ ಬಂದ ಬಣ್ಣದಲ್ಲೇ ಹೋಗುತ್ತೆ. 1928ರಲ್ಲಿ ಕೋಲ್ಕತ್ತದಲ್ಲಿ ರಾಮನ್, ಕೃಷ್ಣನ್ ಇಬ್ಬರೂ ಬಿಸಿಲು, ಆಮೇಲೆ ಮರ್ಕ್ಯುರಿ ದೀಪ ಇಟ್ಕೊಂಡು ಅದನ್ನ ಕಂಡಿದ್ದು ಅಂದ್ರೆ ಅವರ ಕಣ್ಣಿಗೆ ಕೈ ಮುಗೀಬೇಕು. ಲೇಸರ್ ಬಂದಿದ್ದೇ 1960ರಲ್ಲಿ.

ಈಗ ಲೋಹದ ವಿಷಯ. ಬೆಳ್ಳಿ, ಚಿನ್ನದೊಳಗೆ ಎಲೆಕ್ಟ್ರಾನ್‌ಗಳು ಸ್ವತಂತ್ರವಾಗಿ ಓಡಾಡ್ಕೊಂಡಿರ್ತವೆ. ಕಣ 50 ನ್ಯಾನೋಮೀಟರ್ ಇದ್ದು ಬೆಳಕಿನ ತರಂಗ 500 ಇದ್ರೆ, ಆ ಕಣಕ್ಕೆ ಬೆಳಕು ಅಂದ್ರೆ ಇಡೀ ಮೈಮೇಲೆ ಒಟ್ಟಿಗೆ ಆ ಕಡೆ ಈ ಕಡೆ ಎಳೆಯೋ ವಿದ್ಯುತ್ ಕ್ಷೇತ್ರ ಅಷ್ಟೇ. ಎಲೆಕ್ಟ್ರಾನ್‌ಗಳು ಒಟ್ಟಿಗೆ ತೂಗಾಡ್ತವೆ, ಯಾವುದೋ ಒಂದು ಬಣ್ಣಕ್ಕೆ ಆ ತೂಗಾಟ ಜೋರಾಗಿ ಕೂಡಿ ಬರುತ್ತೆ, ಅದಕ್ಕೆ ಪ್ಲಾಸ್ಮಾನ್ ರೆಸೊನನ್ಸ್ ಅಂತೀವಿ. ಆಗ ಕಣದ ಅಂಚಿನಲ್ಲಿ ಕ್ಷೇತ್ರ ಬಂದ ಬೆಳಕಿನದ್ದಕ್ಕಿಂತ ಎಷ್ಟೋ ಜಾಸ್ತಿ. ಮಜಾ ಏನಂದ್ರೆ ಲಾಭ ಎರಡು ಸಲ ಸಿಗುತ್ತೆ. ಒಳಗೆ ಬರೋ ಲೇಸರ್ ಬೆಳಕೂ ದೊಡ್ಡದಾಗುತ್ತೆ, ಅಣು ಚೆಲ್ಲೋ ರಾಮನ್ ಬೆಳಕನ್ನೂ ಅದೇ ಕಣ ಆಂಟೆನಾ ಥರ ಹೊರಗೆ ದಾಟಿಸುತ್ತೆ. ತೀವ್ರತೆ ಅಂದ್ರೆ ಕ್ಷೇತ್ರದ ವರ್ಗ, ಅದು ಎರಡು ಸಲ ಅಂದ್ರೆ ನಾಲ್ಕನೇ ಘಾತ. ಕ್ಷೇತ್ರ 10 ಪಟ್ಟು ಏರಿದ್ರೆ ಸಿಗ್ನಲ್ 10,000 ಪಟ್ಟು, 100 ಪಟ್ಟು ಏರಿದ್ರೆ 10 ಕೋಟಿ ಪಟ್ಟು. ಇದೊಂದು ಸಾಲು ಹೇಳಿದ್ರೆ ಪಿಯುಸಿ ಮಕ್ಕಳಿಗೂ ತಲೆಗೆ ಹೋಗುತ್ತೆ.

ಒಂಟಿ ಗುಂಡು ಕಣ ಅಷ್ಟೊಂದು ಕೊಡಲ್ಲ. ಎರಡು ಕಣ 1-2 ನ್ಯಾನೋಮೀಟರ್ ಸಂದಿ ಬಿಟ್ಟು ಪಕ್ಕಪಕ್ಕ ಬಂದಾಗ ಆ ಸಂದಿಯಲ್ಲೇ ಎಲ್ಲಾ ಆಟ. ಹಾಟ್‌ಸ್ಪಾಟ್ ಅಂತ ಕರೆಯೋದು ಅದನ್ನೇ.

ಪಿಯುಸಿ_ಫಿಸಿಕ್ಸ್_ಮೇಡಂ:
ನಾಲ್ಕನೇ ಘಾತ! ಇದು ಚೆನ್ನಾಗಿದೆ, ಈ ಸಲ ಹೇಳ್ತೀನಿ. ಇದನ್ನೂ ರಾಮನ್ ಅವರೇ ನೋಡಿದ್ರಾ?

ಬಸವನಗುಡಿ_ಆಪ್ಟಿಕ್ಸ್:
ಇಲ್ಲ ಮೇಡಂ, ರಾಮನ್ ಬೆಂಗಳೂರಲ್ಲಿ ತೀರಿಕೊಂಡಿದ್ದು 1970 ನವೆಂಬರ್‌ನಲ್ಲಿ, ಇದರ ಮೊದಲ ಪೇಪರ್ ಬಂದಿದ್ದು 1974. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಫ್ಲೈಶ್‌ಮನ್, ಹೆಂಡ್ರಾ, ಮೆಕ್‌ಕ್ವಿಲನ್ ಅಂತ ಮೂವರು ಬೆಳ್ಳಿ ಎಲೆಕ್ಟ್ರೋಡನ್ನ ವೋಲ್ಟೇಜ್ ಏರಿಸಿ ಇಳಿಸಿ ತರಿತರಿ ಮಾಡಿ ಅದರ ಮೇಲೆ ಪಿರಿಡಿನ್ ಕೂರಿಸಿದ್ರು. ಸಿಗ್ನಲ್ ಭರ್ಜರಿ ಬಂತು. ಮೇಲ್ಮೈ ತರಿಯಾಗಿರೋದ್ರಿಂದ ಜಾಸ್ತಿ ಅಣು ಕೂತಿವೆ, ಅದಕ್ಕೇ ಜಾಸ್ತಿ ಸಿಗ್ನಲ್ ಅಂತ ಅವರು ಅಂದ್ಕೊಂಡ್ರು. 1977ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್‌ನಲ್ಲಿ ಜಾನ್ಮೇರ್ ಮತ್ತೆ ವಾನ್ ಡೈನ್, ಇಂಗ್ಲೆಂಡಿನ ಕೆಂಟ್‌ನಲ್ಲಿ ಆಲ್ಬ್ರೆಕ್ಟ್ ಮತ್ತೆ ಕ್ರೈಟನ್, ಬೇರೆಬೇರೆಯಾಗಿ ಲೆಕ್ಕ ಹಾಕಿ ನೋಡಿದ್ರೆ ಸಿಗ್ನಲ್ ಲಕ್ಷದಿಂದ ಹತ್ತು ಲಕ್ಷ ಪಟ್ಟು ಏರಿದೆ, ಅಣುಗಳ ಸಂಖ್ಯೆ ಅಷ್ಟು ಏರೋಕೆ ಸಾಧ್ಯಾನೇ ಇಲ್ಲ. ಮರು ವರ್ಷ ಮಾರ್ಟಿನ್ ಮಾಸ್ಕೊವಿಟ್ಸ್ ಇದು ಪ್ಲಾಸ್ಮಾನ್ ಕೆಲಸ ಅಂದ್ರು. ಅಂದಹಾಗೆ ಈ ಫ್ಲೈಶ್‌ಮನ್ನೇ 1989ರಲ್ಲಿ ಪಾನ್ಸ್ ಜೊತೆ ಕೋಲ್ಡ್ ಫ್ಯೂಷನ್ (ಮಾಮೂಲಿ ಉಷ್ಣತೆಯಲ್ಲೇ ಪರಮಾಣು ಬೀಜ ಬೆಸೆಯೋದು) ಅಂತ ಘೋಷಿಸಿ ಜಗತ್ತಿನ ಕೈಲಿ ಬೈಸ್ಕೊಂಡವರು. ಜನ ಅದನ್ನ ನೆನಪಿಟ್ಕೊಂಡಿದಾರೆ, ಇದನ್ನ ಮರ್ತಿದಾರೆ. ಅನ್ಯಾಯ ಅನ್ಸುತ್ತೆ ನಂಗೆ.

ಡೇಟಾ_ಡೌಟು:
ಇತಿಹಾಸ ಎಲ್ಲಾ ಸರಿ ಗುರುಗಳೇ, ಹುಡುಗನ ಗೈಡ್ ಎನ್‌ಹಾನ್ಸ್‌ಮೆಂಟ್ ಫ್ಯಾಕ್ಟರ್ ಬರಿ ಅಂದಿದಾರಲ್ಲ, ಅದರ ಬಗ್ಗೆ ಯಾರೂ ಮಾತಾಡ್ತಿಲ್ಲ. ಈ ಫೀಲ್ಡಲ್ಲಿ ಅತಿ ಹೆಚ್ಚು ಸುಳ್ಳು ನುಸುಳೋದು ಆ ಒಂದು ನಂಬರಲ್ಲಿ. ಸೂತ್ರ ನೋಡಿದ್ರೆ ಭಾರಿ ಸರಳ, ಸರ್ಸ್ ತೀವ್ರತೆಯನ್ನ ಅದನ್ನ ಕೊಟ್ಟ ಅಣುಗಳ ಸಂಖ್ಯೆಯಿಂದ ಭಾಗಿಸು, ಮಾಮೂಲಿ ರಾಮನ್ನದ್ದನ್ನ ಅದರ ಅಣುಗಳ ಸಂಖ್ಯೆಯಿಂದ ಭಾಗಿಸು, ಎರಡರ ಅನುಪಾತ ತಗೋ. ಆದ್ರೆ ಬೆಳ್ಳಿ ಮೇಲೆ ಎಷ್ಟು ಅಣು ಕೂತಿವೆ ಅಂತ ಯಾರಪ್ಪ ಎಣಿಸಿದೋರು? ಹನಿ ಪೂರ್ತಿ ಸಮನಾಗಿ ಹರಡಿದೆ ಅಂತ ಒಬ್ಬರು ಊಹಿಸ್ತಾರೆ, ಒಂದು ಪದರ ಮಾತ್ರ ಇದೆ ಅಂತ ಇನ್ನೊಬ್ಬರು. ಒಣಗಿದ ಹನಿಯ ಅಂಚಿನಲ್ಲಿ ಕಾಫಿ ರಿಂಗ್ ಥರ ಎಲ್ಲಾ ಸೇರ್ಕೊಂಡಿರುತ್ತೆ, ಲೇಸರ್ ಅಲ್ಲೇ ಇಟ್ಟು ಅತಿ ದೊಡ್ಡ ಪೀಕ್ ಬಂದಿದ್ದನ್ನ ತಗೊಂಡು, ಅಣು ಮಾತ್ರ ಇಡೀ ಹನಿಗೆ ಹಂಚಿ ಲೆಕ್ಕ ಹಾಕಿದ್ರೆ ಸೊನ್ನೆಗಳು ತಾನಾಗೇ ಬೆಳೀತವೆ. ರೋಡಮೈನ್‌ಗೆ 532ರಲ್ಲಿ ಮಾಮೂಲಿ ರಾಮನ್ನೇ ಸಿಗಲ್ಲ, ಫ್ಲೋರೊಸೆನ್ಸಲ್ಲಿ ಮುಳುಗಿ ಹೋಗಿರುತ್ತೆ, ಹಾಗಿದ್ರೂ ಫ್ಯಾಕ್ಟರ್ ಮಾತ್ರ ಎಲ್ಲಾರ ಪೇಪರಲ್ಲೂ ಇರುತ್ತೆ. ಎಲ್ಲಿಂದ ಬಂತು ಸ್ವಾಮಿ?

ಯೆನಾ_ಕನ್ನಡಿಗ:
ಮಾತು ಖಾರ ಇದ್ರೂ ವಿಷಯ ನಿಜ. 1997ರಲ್ಲಿ ನೀ-ಎಮರಿ ಜೋಡಿ ಒಂದು ಕಡೆ, ಕ್ನೈಪ್ ತಂಡ ಇನ್ನೊಂದು ಕಡೆ, ಒಂದೇ ಒಂದು ಅಣುವಿನ ಸಿಗ್ನಲ್ ಕಂಡಿದೀವಿ ಅಂತ ಬರೆದಾಗ 1ರ ಮುಂದೆ 14 ಸೊನ್ನೆ ಅನ್ನೋ ಮಟ್ಟದ ಸಂಖ್ಯೆ ಓಡಾಡ್ತು. ಆಮೇಲೆ ನ್ಯೂಜಿಲೆಂಡಿನ ಲೆ ರು ಮತ್ತೆ ಎಚೆಗೊಯಿನ್ ಕೂತು ವ್ಯಾಖ್ಯೆಗಳನ್ನೆಲ್ಲ ಬೇರ್ಪಡಿಸಿ, ಡೈನ ಸ್ವಂತ ರೆಸೊನನ್ಸ್ ಕಳೆದ್ರೆ ಒಂದು ಅಣು ಕಾಣೋಕೆ ಅಷ್ಟೆಲ್ಲ ಬೇಕಾಗೇ ಇಲ್ಲ, 10 ಕೋಟಿ ಪಟ್ಟಿನ ಆಸುಪಾಸಲ್ಲೇ ಕೆಲ್ಸ ಆಗುತ್ತೆ ಅಂತ ತೋರಿಸಿದ್ರು.

ಇನ್ನೊಂದು ಪೇಪರ್ ಹುಡುಗ ಖಂಡಿತ ಓದ್ಬೇಕು, 2008ರಲ್ಲಿ ಇಲಿನಾಯ್ ಯೂನಿವರ್ಸಿಟಿಯ ಡ್ಲಾಟ್ ಗುಂಪಿನದ್ದು. ಸಣ್ಣ ಗುಂಡುಗಳ ಮೇಲೆ ಬೆಳ್ಳಿ ಪದರ ಹಾಕಿ ಯಾವ ಜಾಗ ಎಷ್ಟು ಕೊಡುತ್ತೆ ಅಂತ ಅಳೆದ್ರು. ಹತ್ತು ಲಕ್ಷ ಜಾಗದಲ್ಲಿ ಬರೀ 63 ಅತಿ ಬಿಸಿ ಜಾಗ, ಆ 63 ಸೇರಿ ಒಟ್ಟು ಸಿಗ್ನಲ್‌ನ 24 ಪರ್ಸೆಂಟ್ ಕೊಡ್ತಿದ್ವು. ಹೀಗಿದ್ಮೇಲೆ ಸರಾಸರಿ ಫ್ಯಾಕ್ಟರ್ ಅನ್ನೋ ಒಂದು ನಂಬರ್ ಬರೆದು ಏನು ಹೇಳಿದ ಹಾಗಾಯ್ತು? ನಿಮ್ಮ ಅಣು ಆ ಜಾಗಕ್ಕೆ ಹೋಯ್ತಾ ಇಲ್ವಾ ಅನ್ನೋದ್ರ ಮೇಲೇ ಎಲ್ಲಾ ನಿಂತಿರೋದು, ಹೋಗದಿದ್ರೆ ಕಣ ಎಷ್ಟೇ ಚೆನ್ನಾಗಿದ್ರೂ ಸೊನ್ನೆ.

ಡೇಟಾ_ಡೌಟು:
ಅದಕ್ಕೇ ಹೇಳೋದು, ಡೈ ಹಾಕಿ ಸಬ್‌ಸ್ಟ್ರೇಟ್ (ಸರ್ಸ್‌ಗೆ ಬಳಸೋ ಲೋಹದ ಮೇಲ್ಮೈ) ಮಾರೋದು ಬಿಡಿ ಅಂತ.

ಕರಾವಳಿ_ಕೆಮಿಸ್ಟ್:
ಡೈ ಮಾತ್ರ ಅಲ್ಲ ಮಾರಾಯ್ರೆ, ರಕ್ತದ ಸೀರಮ್‌ದ್ದೂ ಇದೇ ಪಾಡು. ಸೀರಮ್‌ಗೆ ಬೆಳ್ಳಿ ಕೊಲಾಯ್ಡ್ ಹಾಕಿ ಆ ಕ್ಯಾನ್ಸರ್, ಈ ಕ್ಯಾನ್ಸರ್ ಪತ್ತೆ ಅಂತ ಎಷ್ಟು ಪೇಪರ್ ಉಂಟು ಅಲ್ವಾ, ಸ್ಪೆಕ್ಟ್ರಮ್ ತೆಗೆದು ನೋಡಿದ್ರೆ ಎದ್ದು ಕಾಣುವುದು ಹೆಚ್ಚಿನದ್ದೂ ಯೂರಿಕ್ ಆ್ಯಸಿಡ್ ಮತ್ತೆ ಹೈಪೋಕ್ಸಾಂಥಿನ್, 640 ಹತ್ರ ಒಂದು ಪೀಕ್ ನೋಡಿದ್ರೆ ಸಾಕು ಗೊತ್ತಾಗ್ತದೆ. ಯಾಕೆ ಹೇಳಿ, ಸೀರಮ್‌ನಲ್ಲಿ ಅದೇ ಜಾಸ್ತಿ ಇರುವುದಾ? ಅಲ್ಲವೇ ಅಲ್ಲ, ಪ್ರೋಟೀನ್ ಅದಕ್ಕಿಂತ ಎಷ್ಟೋ ಪಾಲು ಉಂಟು. ಆದ್ರೆ ಬೆಳ್ಳಿಗೆ ಪ್ರೀತಿ ಪ್ಯೂರಿನ್ ಮೇಲೆ, ಈ ಎರಡೂ ಅದೇ ಜಾತಿಯದ್ದು. ಪಥ್ಯ ಮಾಡಿದವನು, ಕಿಡ್ನಿ ತೊಂದರೆ ಇದ್ದವನು, ಸ್ಯಾಂಪಲ್ ಎರಡು ಗಂಟೆ ಹೊರಗೆ ಇಟ್ಟದ್ದು, ಎಲ್ಲದಕ್ಕೂ ಆ ಪೀಕ್ ಹೆಚ್ಚುಕಮ್ಮಿ ಆಗ್ತದೆ, ಮತ್ತೆ ಮೆಷಿನ್ ಲರ್ನಿಂಗಿಗೆ ಕೊಟ್ರೆ 98 ಪರ್ಸೆಂಟ್ ಅಂತ ಬರ್ತದೆ. ರೋಗಿಗಳ ಸ್ಯಾಂಪಲ್ ಒಂದು ದಿವಸ, ಆರೋಗ್ಯವಂತರದ್ದು ಇನ್ನೊಂದು ದಿವಸ ಅಳೆದ್ರೆ ಕೊಲಾಯ್ಡ್ ಬ್ಯಾಚಿನ ವ್ಯತ್ಯಾಸವನ್ನೇ ಅದು ಕಲಿತುಕೊಳ್ತದೆ, ಎಂತ ಮಾಡ್ಲಿಕ್ಕಾಗ್ತದೆ.

ಹಾಗಂತ ಎಲ್ಲ ಬೊಗಳೆ ಅಂತ ಅಲ್ಲ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ಮಾರ್ಕೊ ಲಿಯೋನಾ ಅಂತ ಒಬ್ರು ಹಳೇ ಕಲಾಕೃತಿಗಳಿಂದ ಕಣ್ಣಿಗೆ ಕಾಣದಷ್ಟು ಚೂರು ಬಣ್ಣ ತೆಗೆದು ಅದು ಮಂಜಿಷ್ಠದ ಕೆಂಪಾ, ಅರಗಿನ ಕೆಂಪಾ ಅಂತ ಬೆಳ್ಳಿ ಕೊಲಾಯ್ಡಿನಿಂದಲೇ ಕಂಡುಹಿಡಿದ್ರು. ಅಲ್ಲಿ ಮಾಮೂಲಿ ರಾಮನ್ ಹಾಕಿದ್ರೆ ಫ್ಲೋರೊಸೆನ್ಸ್ ಬಿಟ್ಟು ಬೇರೆಂತದೂ ಕಾಣ್ಲಿಕ್ಕಿಲ್ಲ. ಡೈ ಬೆಳ್ಳಿಗೆ ಹಿಡಿಯುವ ಜಾತಿಯದ್ದು, ಪ್ರಶ್ನೆಯೂ ಹೌದು-ಅಲ್ಲ ಅನ್ನುವಂಥದ್ದು, ಅದಕ್ಕೆ ಸರಿ ಹೋಯ್ತು.

ವಿಜಯಪುರ_ದ್ರಾಕ್ಷಿ:
ನಮಸ್ಕಾರ್ರಿ ಎಲ್ಲಾರಿಗೂ. ನಾನು ಸೈನ್ಸ್ ಓದಿದಾಂವ ಅಲ್ಲ, ದ್ರಾಕ್ಷಿ ಬೆಳೆಯಾಂವ. ಪೆಸ್ಟಿಸೈಡ್ ಅಂತ ಹುಡುಕಿದಾಗ ಇದು ಸಿಕ್ತು. ಕೈಯಾಗ ಹಿಡಿಯೋ ಮಷೀನ್ ಬಂದದ, ಒಂದು ಪಟ್ಟಿ ಮ್ಯಾಲ ಹಣ್ಣಿನ ನೀರು ಹಾಕಿ ಲೇಸರ್ ಬಿಟ್ರ ಔಷಧ ಉಳದದೋ ಇಲ್ಲೋ ಹೇಳ್ತದ ಅಂತ ಒಬ್ಬ ಏಜೆಂಟ್ ಬಂದು ಹೇಳಿ ಹೋಗ್ಯಾನ. 2010ರಾಗ ಯುರೋಪಿಗೆ ಹೋದ ಮಾಲು ಸಿಸಿಸಿ (ಬಳ್ಳಿ ಬೆಳವಣಿಗಿ ತಡೆಯೋ ಔಷಧ) ಉಳದದ ಅಂತ ಅಲ್ಲೇ ನಿಂತಿತ್ತಲ್ರಿ, ಆ ಹೆದರಿಕಿ ಇನ್ನೂ ಹೋಗಿಲ್ಲ. ಈ ಮಷೀನ್ ತೊಗೋಬಹುದಾ?

ಧಾರವಾಡ_ಫೋಟಾನ್:
ಕಾಕಾ, ರೊಕ್ಕ ಕೊಡೋ ಮೊದಲ ಆ ಏಜೆಂಟ್‌ಗ ಒಂದ ಮಾತು ಕೇಳ್ರಿ: ಯಾವ ಯಾವ ಔಷಧಿ, ಯಾವ ಮಟ್ಟದ ತನಕ ತೋರಸ್ತದ, ನಮ್ಮ ದ್ರಾಕ್ಷಿ ಮ್ಯಾಲ ಮಾಡಿ ತೋರ್ಸು ಅಂತ. ಅವರು ಬಹಳ ಸಲ ಥೈರಮ್ ತೋರಸ್ತಾರ. ಥೈರಮ್ ಬೀಜೋಪಚಾರಕ್ಕ ಹಾಕ್ತೀವಲ್ರಿ, ಅದು. ಅದರಾಗ ಗಂಧಕ-ಗಂಧಕ ಕೊಂಡಿ ಇರ್ತದ, ಬೆಳ್ಳಿ ಇಲ್ಲಾ ಚಿನ್ನ ಸಿಕ್ಕ ಕೂಡ್ಲೇ ಕೊಂಡಿ ಕಡದು ಎರಡೂ ತುಂಡು ಲೋಹಕ್ಕ ಗಟ್ಟಿ ಅಂಟಕೊಂತಾವ, 1380 ಹತ್ರ ದೊಡ್ಡ ಪೀಕ್ ಬರ್ತದ. ಡೆಮೊ ಕೊಡಾಕ ಅದಕ್ಕಿಂತ ಚೊಲೋ ಔಷಧಿ ಇಲ್ಲ. ನಿಮ್ಮ ಸಿಸಿಸಿ, ಅಂದ್ರ ಕ್ಲೋರ್‌ಮೆಕ್ವಾಟ್, ಬ್ಯಾರೆ ಜಾತಿ. ಪಾಸಿಟಿವ್ ಚಾರ್ಜ್ ಅದ, ಕಣದ ಹತ್ರ ಬಂದೀತು, ಆದ್ರ ಬೆಂಜೀನ್ ಉಂಗುರ ಇಲ್ಲ, ಗಂಧಕ ಇಲ್ಲ, ಸಣ್ಣ ಅಣು, ರಾಮನ್ ಸಿಗ್ನಲ್ ಮೂಲದಾಗ ಬಡವ. ಹಣ್ಣಿನ ಮ್ಯಾಲಿನ ಮೇಣ, ರಸದಾಗಿನ ಸಕ್ಕರಿ, ಬಣ್ಣ ಇವೆಲ್ಲ ಬೆಳ್ಳಿ ಜಾಗಕ್ಕ ಜಗಳಾಡ್ತಾವ.

ಎಕ್ಸ್‌ಪೋರ್ಟಿಗೆ ಅಂದ್ರ ಲ್ಯಾಬಿನ ಎಲ್‌ಸಿ-ಎಂಎಸ್ (ಔಷಧಿ ಬ್ಯಾರೆ ಮಾಡಿ ಅಣುವಿನ ತೂಕದಿಂದ ಗುರುತಿಸೋ ಪರೀಕ್ಷೆ) ರಿಪೋರ್ಟ್ ಬೇಕಾ ಬೇಕು, ಈ ಪಟ್ಟಿ ಅದರ ಬದಲಿ ಆಗಂಗಿಲ್ಲ.

ವಿಜಯಪುರ_ದ್ರಾಕ್ಷಿ:
ಭಾಳ ಉಪಕಾರ ಆತ್ರಿ. ಅಂವ ತೋರ್ಸಿದ್ದೂ ಥೈರಮ್ಮ, ಈಗ ನೆನಪಾತು.

ಕೊಲಾಯ್ಡ್_ಹುಡುಗ:
ಎಲ್ರಿಗೂ ಥ್ಯಾಂಕ್ಸ್. ಯೆನಾದವರು ಹೇಳಿದ ಹಾಗೆ ಪವರ್ ಇಳಿಸಿ ಸಾಲಾಗಿ ಸ್ಪೆಕ್ಟ್ರಮ್ ತಗೊಂಡೆ. ಗುಡ್ಡ ಮೊದ್ಲು ಇರಲೇ ಇಲ್ಲ, ಪವರ್ ಏರಿಸಿದ ಮೇಲೆ ನಿಧಾನಕ್ಕೆ ಎದ್ದು ಬಂತು. ಸ್ಯಾಂಪಲ್ ಹಾಕದೆ ಬರೀ ಕೊಲಾಯ್ಡ್ ಒಣಗಿಸಿದ್ರೂ ಅದೇ ಗುಡ್ಡ. ಗೈಡ್ ಸರ್‌ಗೆ ಎರಡನ್ನೂ ಒಂದರ ಮೇಲೊಂದು ಇಟ್ಟು ತೋರಿಸ್ದೆ, ಸ್ವಲ್ಪ ಹೊತ್ತು ಸುಮ್ನಿದ್ದು ಸರಿ ಹಾಗಾದ್ರೆ ಮುಂದೇನು ಅಂದ್ರು, ಬೈಲಿಲ್ಲ. ಈಗ ಕಡಿಮೆ ಪವರಲ್ಲಿ 240 ಹತ್ರ ಒಂದು ಪೀಕ್ ಬಿಟ್ರೆ ಏನೂ ಇಲ್ಲ. ಅದೇನು? ಕಣಗಳು ಆಗ್ರಿಗೇಟ್ ಆಗ್ಲಿ, ಅಂದ್ರೆ ಗುಂಪು ಕಟ್ಲಿ ಅಂತ ಉಪ್ಪು ಹಾಕಿದ್ದೆ.

ಯೆನಾ_ಕನ್ನಡಿಗ:
ಉಪ್ಪು ಹಾಕಿದ್ದೇ ಉತ್ತರ, ಅದು ಬೆಳ್ಳಿ-ಕ್ಲೋರೈಡ್ ಕಂಪನ. ಅಂದ್ರೆ ನಿಮ್ಮ ಬೆಳ್ಳಿ ಚೆನ್ನಾಗೇ ಕೆಲಸ ಮಾಡ್ತಿದೆ, ಮೇಲೆ ಕ್ಲೋರೈಡ್ ಕೂತಿದೆ ಅಂತ ಹೇಳ್ತಿದೆ. ಡೈಗಳಿಗೆ ಕ್ಲೋರೈಡ್ ಸಹಾಯ ಮಾಡುತ್ತೆ, ನಿಮ್ಮ ಅಣುವಿಗೆ ಅದು ಇನ್ನೊಂದು ಅಡ್ಡಗೋಡೆ. ಒಂದ್ಸಲ ಕ್ಲೋರೈಡ್ ಬದಲು ಪೊಟ್ಯಾಸಿಯಂ ನೈಟ್ರೇಟ್ ಇಲ್ಲಾ ಮೆಗ್ನೀಸಿಯಂ ಸಲ್ಫೇಟ್ ಹಾಕಿ ಆಗ್ರಿಗೇಟ್ ಮಾಡಿ ನೋಡಿ, ಅವು ಬೆಳ್ಳಿಗೆ ಗಟ್ಟಿಯಾಗಿ ಅಂಟಲ್ಲ. ಹಾಕೋವಾಗ ಒಂದೇ ಸಲ ಸುರೀಬೇಡಿ, ಯುವಿ-ವಿಸಿಬಲ್‌ನಲ್ಲಿ 600ರಿಂದ 800ರವರೆಗೆ ಬಾಲ ಏಳೋದನ್ನ ನೋಡ್ಕೊಂಡು ಹಾಕಿ, ಬಾಲ ಎದ್ದ ಕೆಲವೇ ನಿಮಿಷದಲ್ಲಿ ಅಳೀರಿ. ಆಮೇಲೆ ಕಣಗಳೆಲ್ಲ ತಳ ಸೇರ್ತವೆ. ಒಣಗಿಸೋ ಚಟ ಬಿಡಿ, ದ್ರವದಲ್ಲೇ ಅಳೀರಿ, ಸುಡೋದೂ ತಪ್ಪುತ್ತೆ ಕಾಫಿ ರಿಂಗೂ ತಪ್ಪುತ್ತೆ.

ಲ್ಯಾಬಲ್ಲಿ 785 ಲೇಸರ್ ಇದ್ರೆ ಚಿನ್ನದ ಕೊಲಾಯ್ಡ್ ಜೊತೆ ಟ್ರೈ ಮಾಡಿ. 532ಕ್ಕೆ ಚಿನ್ನ ಹಾಕ್ಬೇಡಿ, ಅಲ್ಲಿ ಚಿನ್ನ ತಾನೇ ಬೆಳಕು ಕುಡಿದುಬಿಡುತ್ತೆ, 633 ದಾಟಿದ ಮೇಲೇ ಅದರ ಆಟ.

ಕರಾವಳಿ_ಕೆಮಿಸ್ಟ್:
ಸಿಟ್ರೇಟೇ ಬೇಡ ಅಂತಾದ್ರೆ ಹೈಡ್ರಾಕ್ಸಿಲಮೀನ್ ಕೊಲಾಯ್ಡ್ ಮಾಡಿ, 2003ರಲ್ಲಿ ಲಿಯೋಪೋಲ್ಡ್ ಮತ್ತೆ ಲೆಂಡ್ಲ್ ಕೊಟ್ಟದ್ದು, ಕುದಿಸ್ಲಿಕ್ಕೇ ಇಲ್ಲ, ರೂಮ್ ಟೆಂಪರೇಚರ್‌ನಲ್ಲಿ ಕೆಲವು ಸೆಕೆಂಡಲ್ಲಿ ಬಣ್ಣ ಬರ್ತದೆ. ಆದ್ರೆ ಅದರಲ್ಲಿ ಹೈಡ್ರೋಕ್ಲೋರೈಡ್ ಇರುವ ಕಾರಣ ಕ್ಲೋರೈಡ್ ಇದ್ದೇ ಇರ್ತದೆ, ನೆನಪಿರ್ಲಿ. ಮತ್ತೆ ಗ್ಲಾಸ್‌ವೇರ್. ಸೋಪಿನಲ್ಲಿ ತೊಳೆದ ಬೀಕರಿನಲ್ಲಿ ಮಾಡಿದ್ರೆ ಒಂದು ಬ್ಯಾಚ್ ಬಂದ ಹಾಗೆ ಇನ್ನೊಂದು ಬರ್ಲಿಕ್ಕಿಲ್ಲ, ಆಕ್ವಾ ರೀಜಿಯಾದಲ್ಲಿ (ನೈಟ್ರಿಕ್, ಹೈಡ್ರೋಕ್ಲೋರಿಕ್ ಆ್ಯಸಿಡ್ ಮಿಶ್ರಣ) ತೊಳೆದು ಮಿಲಿ-ಕ್ಯೂ ಶುದ್ಧ ನೀರಿನಲ್ಲಿ ಜಾಲಾಡಿಸಿ, ಫ್ಯೂಮ್ ಹುಡ್‌ನ ಒಳಗೆ ಮಾತ್ರ ಮಾಡಿ, ಮುಚ್ಚಳ ಗಟ್ಟಿ ಹಾಕಿ ಇಡಬೇಡಿ, ಗ್ಯಾಸ್ ತುಂಬಿ ಬಾಟಲಿ ಒಡೀತದೆ.

ಧಾರವಾಡ_ಫೋಟಾನ್:
ಇಷ್ಟೆಲ್ಲಾ ಮಾಡಿದ್ರೂ ಬರಲಿಲ್ಲಂದ್ರ ಬೆಳ್ಳಿ ಮ್ಯಾಲ ಮೊದಲ ಒಂದು ಎಣ್ಣಿ ಸ್ವಭಾವದ ಪದರ ಹಾಕ್ರಿ. ವಾನ್ ಡೈನ್ ಅವರ ಗುಂಪು ಗ್ಲೂಕೋಸ್‌ಗ ಹಿಂಗ ಮಾಡಿತ್ತು, ಗ್ಲೂಕೋಸ್ ಬೆಳ್ಳಿಗೆ ಹತ್ತಂಗಿಲ್ಲ ಅಂತ ಡೆಕೇನ್‌ಥಯೋಲ್ (ಗಂಧಕದ ತುದಿಯಿಂದ ಬೆಳ್ಳಿಗೆ ಹತ್ತೋ ಎಣ್ಣಿ ಸ್ವಭಾವದ ಅಣು) ಪದರ ಕಟ್ಟಿ ಅದರಾಗ ಅದನ್ನ ಹಿಡದ್ರು. ನಿಮ್ಮ ಕ್ಲೋರ್‌ಪೈರಿಫಾಸ್ ಹೆಂಗೂ ನೀರು ಬ್ಯಾಡ ಎಣ್ಣಿ ಬೇಕು ಅನ್ನೋದು, ಥಯೋಲ್ ಪದರಿಗೆ ಬಂದು ಕೂಡಬಹುದು. ಆದ್ರ ಪದರ ಸಣ್ಣದಿರಲಿ, ಲೋಹದಿಂದ 10 ನ್ಯಾನೋಮೀಟರ್ ದೂರ ಆದ್ರ ಎಲ್ಲಾ ಮುಗೀತು. ಥಯೋಲ್‌ದ ಪೀಕ್‌ಗಳೂ ಬರ್ತಾವ, ಪದರ ಇದ್ದು ಪೆಸ್ಟಿಸೈಡ್ ಇಲ್ಲದ ಬ್ಲಾಂಕ್ ತೊಗೊಳ್ಳದ ಮುಂದ ಹೋಗಬ್ಯಾಡ್ರಿ.

ಕೊಲಾಯ್ಡ್_ಹುಡುಗ:
ನೈಟ್ರೇಟ್ ಜೊತೆ ದ್ರವದಲ್ಲೇ ಅಳೆಯೋದು ಈ ವಾರ ಮಾಡ್ತೀನಿ, ಡೆಕೇನ್‌ಥಯೋಲ್ ಆರ್ಡರ್ ಮಾಡ್ಬೇಕು, ವಾಸನೆ ಬಗ್ಗೆ ಸೀನಿಯರ್ ಈಗ್ಲೇ ಹೆದರಿಸಿದಾರೆ. ಪಾಸಿಟಿವ್ ಕಂಟ್ರೋಲ್‌ಗೆ ರೋಡಮೈನ್ ಬಿಟ್ಟು ಥೈರಮ್ ಇಟ್ಕೋತೀನಿ. ಫ್ಯಾಕ್ಟರ್ ಬರೆಯಲ್ಲ ಅಂತ ಸರ್‌ಗೆ ಹೇಗೆ ಹೇಳೋದು ಅನ್ನೋದೊಂದು ಉಳಿದಿದೆ.

ಡೇಟಾ_ಡೌಟು:
ಬರೆಯಲ್ಲ ಅನ್ಬೇಡ. ಅನಲಿಟಿಕಲ್ ಎನ್‌ಹಾನ್ಸ್‌ಮೆಂಟ್ ಫ್ಯಾಕ್ಟರ್ ಅಂತ ಕಾನ್ಸಂಟ್ರೇಷನ್ ಮೇಲೆ ಲೆಕ್ಕ ಹಾಕಿ ಕೊಡು, ಅಣು ಎಣಿಸೋ ತಲೆನೋವಿಲ್ಲ, ಅವರಿಗೂ ಒಂದು ನಂಬರ್ ಸಿಗುತ್ತೆ. ಬೇರೆಬೇರೆ ಬ್ಯಾಚಿನ ವ್ಯತ್ಯಾಸ ಎಷ್ಟು ಅನ್ನೋದನ್ನ ಪಕ್ಕದಲ್ಲೇ ಹಾಕು, ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳೋದೇ ಅದನ್ನ. ರಾ ಡೇಟಾ ಇಲ್ಲಿ ಹಾಕೋವಾಗ 200 ವೇವ್‌ನಂಬರಿಂದ ಪೂರ್ತಿ ಹಾಕು, ಬೇಸ್‌ಲೈನ್ ತೆಗೆದು ಸಿಂಗರಿಸಿದ್ದು ಬೇಡ.